ಒಂದೂವರೆ ಮೀಟರ್ ದಾರ

ಫೆಬ್ರವರಿ ೧೧

ಸಣ್ಣ ಕ್ಯಾಮೆರಾದ ದೊಡ್ಡ ಎಂಜಿನಿಯರರಿಗೆ,

'ತೀರ್ಥರೂಪ' ಎಂದು ಶುರು ಮಾಡಲು ಕೈ ಬರಲಿಲ್ಲ. ಕ್ಷಮಿಸಿ ಎಂದೂ ಬರೆಯುತ್ತಿಲ್ಲ.

ಅಮ್ಮ ಹೋಗಿ ಇವತ್ತಿಗೆ ಎರಡು ತಿಂಗಳು. ನಿಮ್ಮ ಎರಡು ಸಾಲಿನ ಕಾರ್ಡು ಬಂದಿತ್ತು. ಉತ್ತರ ಬರೆಯುವ ಮನಸ್ಸಾಗಲಿಲ್ಲ. ಇವತ್ತೂ ಮನಸ್ಸಿದ್ದು ಬರೆಯುತ್ತಿಲ್ಲ, ಬರೆಯದಿದ್ದರೆ ತಲೆ ಸಿಡಿದುಹೋಗುತ್ತದೆ ಎಂದು ಬರೆಯುತ್ತಿದ್ದೇನೆ.

ನಿನ್ನೆ ಟೈಲರ್ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಅಮ್ಮನ ಟ್ರಂಕು ತೆಗೆದು ಕೂತೆ. ಆಸ್ಪತ್ರೆಯ ಮೂರು ಬಿಳಿ ಕೋಟುಗಳು, ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದ ಗಡಿಯಾರ, ನಿವೃತ್ತಿಯ ದಿನ ನರ್ಸುಗಳೆಲ್ಲ ಸಹಿ ಹಾಕಿ ಕೊಟ್ಟ ಕರವಸ್ತ್ರ. ತಳದಲ್ಲಿ ಡ್ಯೂಟಿ ಶೂಗಳ ರಟ್ಟಿನ ಡಬ್ಬ. ಡಬ್ಬದೊಳಗೆ ಹಾಸಿದ್ದ ಕಾಗದ ಎತ್ತಿದರೆ ಅದರಡಿ ಒಂದು ಫೋಟೋ.

ಫೋಟೋದಲ್ಲಿ ನೀವು ಮತ್ತು ಒಬ್ಬ ಹೆಂಗಸು. ನೀವು ಗೆರೆಗೆರೆ ಶರ್ಟಿನಲ್ಲಿದ್ದೀರಿ, ಬಾಯಿ ತುಂಬ ನಗುತ್ತಿದ್ದೀರಿ. ಹಾಗೆ ನಗಲು ನಿಮಗೆ ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಬಿಳಿ ಕೋಟಿನವಳು. ಅವಳ ಕೈ ನಿಮ್ಮ ಹೆಗಲ ಮೇಲೆ ಆರಾಮಾಗಿ ಕೂತಿದೆ, ಅದೇ ಅದರ ಜಾಗ ಎನ್ನುವ ಹಾಗೆ.

ಹಿಂಬದಿಯಲ್ಲಿ ನಮ್ಮ ಹಳೆಯ ಮನೆಯ ಹತ್ತಿರದ ಸ್ಟುಡಿಯೋದ ಮುದ್ರೆ, ತಾರೀಖು. ಪೆನ್ಸಿಲಿನಲ್ಲಿ 'ಮಾದರಿ' ಎಂದಿದೆ. ಅದರ ಕೆಳಗೆ ಅಮ್ಮನ ಅಕ್ಷರದಲ್ಲಿ ಇನ್ನೊಂದು ತಾರೀಖು. ಅದನ್ನು ನಾನು ಮರೆಯುವ ಹಾಗಿಲ್ಲ. ಏಳು ವರ್ಷದ ನನ್ನನ್ನು ಕೈಹಿಡಿದು ಎಳೆದುಕೊಂಡು ಅಮ್ಮ ಬಸ್ಸು ಹತ್ತಿದ ದಿನ ಅದು. ಎರಡು ತಾರೀಖುಗಳ ನಡುವೆ ಹದಿನಾರು ದಿನ. ಆ ಹದಿನಾರು ದಿನವೂ ಅಮ್ಮ ಈ ಫೋಟೋವನ್ನು ಬಚ್ಚಿಟ್ಟುಕೊಂಡು ನಿಮ್ಮ ತಟ್ಟೆಗೆ ಅನ್ನ ಬಡಿಸಿದ್ದಾಳೆ.

"ಯಾಕಮ್ಮ ಅಪ್ಪನ್ನ ಬಿಟ್ಟು ಬಂದ್ವಿ?" ಎಂದು ಕೇಳಿದಾಗಲೆಲ್ಲ ಅವಳದು ಒಂದೇ ಮಾತು, "ಅವರಿಗೇ ಗೊತ್ತು."

ಹೋದ ವರ್ಷ ಪೇಪರಿನಲ್ಲಿ ನಿಮ್ಮ ಬಗ್ಗೆ ಅರ್ಧ ಪುಟ ಬಂದಿತ್ತು. ಮನೆಮನೆಯ ನೆನಪುಗಳನ್ನು ಜೇಬಿಗೆ ತಂದುಕೊಟ್ಟವರು ಎಂದು. ನಮ್ಮ ಮನೆಯದನ್ನು ಯಾರ ಜೇಬಿಗೆ ಹಾಕಿದಿರಿ? ಹೊಸ ಮಾದರಿ ಬಂದಾಗಲೆಲ್ಲ ನನಗೊಂದು ಕ್ಯಾಮೆರಾ ಕಳಿಸುತ್ತ ಬಂದಿರಲ್ಲ, ಐದು ಪೆಟ್ಟಿಗೆಗಳೂ ಒಡೆಯದೆ ಹಾಗೇ ಇವೆ. ಒಂದು ಹೊಲಿಗೆ ಯಂತ್ರದ ಕುಂಟುಕಾಲಿಗೆ ಆಸರೆಯಾಗಿದೆ. ಅಷ್ಟಕ್ಕಾದರೂ ಬಂತು.

ಒಂದೇ ಪ್ರಶ್ನೆ. ಅವಳು ಯಾರು?

ಲೆಕ್ಕಕ್ಕೆ ಮಾತ್ರ ನಿಮ್ಮ ಮಗಳು


ಫೆಬ್ರವರಿ ೧೭

ಮಗಳಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಬಾಗಿಲಲ್ಲೇ ನಿಂತು ಓದಿದೆ. ಆಮೇಲೆ ಚಪ್ಪಲಿ ಬಿಡುವ ಬೆಂಚಿನ ಮೇಲೆ ಕೂತೆ. ಅಂಚೆಯವನು ಬೀದಿ ಮುಗಿಸಿ ವಾಪಸು ಬರುವಾಗಲೂ ಅಲ್ಲೇ ಇದ್ದೆ. "ಏನ್ ಸಾರ್, ಯಾರಾದ್ರೂ ಹೋಗ್ಬಿಟ್ರಾ?" ಅಂದ. ಹೋದವರು ಯಾಕೆ ಹೋದರು ಅಂತ ಈಗ ಕಾಗದ ಬಂದಿದೆಯಪ್ಪಾ ಅಂದೆ. ಪಾಪ, ಅವನಿಗೇನು ಅರ್ಥವಾದೀತು.

ಅಂಥ ಫೋಟೋ ಇರಲು ಸಾಧ್ಯವಿಲ್ಲ. ನಾನು ನಿನ್ನ ಅಮ್ಮನನ್ನು ಬಿಟ್ಟು ಇನ್ನಾವ ಹೆಂಗಸಿನ ಪಕ್ಕದಲ್ಲೂ ನಿಂತು ಫೋಟೋ ತೆಗೆಸಿಕೊಂಡವನಲ್ಲ. ಕ್ಯಾಮೆರಾ ಮಾಡುವವನ ಫೋಟೋ ಯಾರೂ ತೆಗೆಯುವುದಿಲ್ಲ. ಇರುವುದೇ ಐದಾರು.

ಈ ಎಪ್ಪತ್ತನಾಲ್ಕರಲ್ಲಿ ನನಗೆ ಬಂದಿರುವ ಗಾಬರಿ ಏನೆಂದರೆ, ಅವಳು ಹೋದ ಕಾರಣ ನನಗೆ ಗೊತ್ತಿದೆ ಎಂದು ಮೂವತ್ತೈದು ವರ್ಷ ನಂಬಿಕೊಂಡಿದ್ದೆ. ಊಟದ ಮೇಜಿನ ಮೇಲೆ ಒಂದು ಚೀಟಿ ಇಟ್ಟು ಹೋಗಿದ್ದಳು. "ಯಾಕೆ ಅಂತ ನಿಮಗೇ ಗೊತ್ತು. ಹುಡುಕಿಕೊಂಡು ಬರಬೇಡಿ." ಹೌದು, ಗೊತ್ತು ಎಂದುಕೊಂಡೆ. ಮನೆಯಲ್ಲಿ ನಾನು ಮನುಷ್ಯನ ಹಾಗೆ ಇರಲಿಲ್ಲ. ಬಟ್ಟೆ ಸೋಪನ್ನು ಕ್ಯಾಮೆರಾದ ಆಕಾರಕ್ಕೆ ಕೆತ್ತಿ ಕೆತ್ತಿ ಮುಗಿಸುತ್ತಿದ್ದೆ, ಬಟ್ಟೆಗೆ ಸೋಪು ಉಳಿಯುತ್ತಿರಲಿಲ್ಲ. ಅವಳಿಗೆ ಮೂರು ದಿನದ ಜ್ವರದಲ್ಲಿ ಕೈ ನಡುಗುತ್ತಿದ್ದಾಗ ಮರದ ಮಾದರಿಯೊಂದನ್ನು ಕೈಗೆ ಕೊಟ್ಟು, "ಈಗ ಈ ಚಕ್ರ ತಿರುಗಿಸ್ ನೋಡು, ನಿಶ್ಶಕ್ತಿಯಲ್ಲೂ ತಿರುಗ್ಬೇಕು" ಎಂದವನು ನಾನು. ತಿರುಗಿಸಿದಳು. "ತಿರುಗ್ತು, ಇನ್ನು ನಾನು ಮಲಗ್ಲಾ?" ಎಂದಳು. ಇಂಥವನನ್ನು ಬಿಟ್ಟುಹೋಗಲು ಬೇರೆ ಕಾರಣ ಯಾಕೆ ಬೇಕು?

ಎರಡು ಸಲ ಅವಳ ಹೊಸ ಆಸ್ಪತ್ರೆಯ ಗೇಟಿನ ತನಕ ಬಂದಿದ್ದೆ. ಪಾಳಿ ಮುಗಿಸಿ ಹೊರಬಂದಳು, ನನ್ನನ್ನು ಕಂಡು ಮುಖ ತಿರುಗಿಸಿದಳು. ಗೊತ್ತಿರುವ ತಪ್ಪನ್ನು ಅವಳ ಬಾಯಲ್ಲಿ ಮತ್ತೆ ಯಾಕೆ ಹೇಳಿಸಲಿ ಎಂದು ಹಿಂದಿರುಗಿದೆ.

ಈಗ ನೀನು ಹೇಳುತ್ತೀಯ, ಆ ತಪ್ಪೇ ಬೇರೆ ಎಂದು. ನಾನು ಮಾಡದೇ ಇರುವ ತಪ್ಪು! ಚೋಟು, ಆ ಫೋಟೋ ನನಗೆ ಕಳಿಸು. ದಯವಿಟ್ಟು.

ಅಪ್ಪ


ಫೆಬ್ರವರಿ ೨೪

ಅಪ್ಪನಿಗೆ,

ಚೋಟು ಎನ್ನಬೇಡಿ. ನನಗೆ ನಲವತ್ತೆರಡು ವರ್ಷ, ಕನ್ನಡಕ ಬಂದಿದೆ.

ಫೋಟೋ ಕಳಿಸುವುದಿಲ್ಲ. ಅಮ್ಮ ಇಷ್ಟು ವರ್ಷ ಇಟ್ಟುಕೊಂಡದ್ದನ್ನು ಅಂಚೆಗೆ ಹಾಕಿ ಕಳೆದುಕೊಳ್ಳಲಾರೆ. "ಸಾಧ್ಯವಿಲ್ಲ" ಎಂದಿರಿ. ಮೇಜಿನ ಮೇಲೆ ಇಟ್ಟುಕೊಂಡು ನೋಡಿ ನೋಡಿ ಬರೆಯುತ್ತಿದ್ದೇನೆ, ಸಾಧ್ಯವೋ ಅಲ್ಲವೋ ನೀವೇ ಹೇಳಿ.

ಅಡ್ಡ ಫೋಟೋ, ಅಂಗೈ ಅಗಲ. ಇಬ್ಬರೂ ಸೊಂಟದವರೆಗೆ. ಹಿಂದೆಲ್ಲ ಕತ್ತಲು. ಅವಳು ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದಾಳೆ. ಕೋಟಿನ ಜೇಬಿನಲ್ಲಿ ಸಣ್ಣದೊಂದು ಕುಂಚ. ಒಂದು ಕೈ ನಿಮ್ಮ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ತೆಳ್ಳಗಿನ ದಾರದ ತುದಿ. ನಿಮ್ಮ ಶರ್ಟಿನ ಎರಡನೇ ಗುಂಡಿಗೂ ಒಂದು ದಾರ ಕಟ್ಟಿದೆ. ಇಬ್ಬರನ್ನೂ ಒಂದೇ ದಾರದಲ್ಲಿ ಪೋಣಿಸಿದ ಹಾಗಿದೆ, ಏನು ಆಟವೋ ಏನೋ! ನಿಮ್ಮ ಇನ್ನೊಂದು ಕಡೆ, ಕಿವಿಯ ಹತ್ತಿರ, ಫೋಟೋದ ಅಂಚಿನಲ್ಲಿ ಮಸುಕಾದ ಬಿಳಿ ಕಲೆ. ಅದು ತೊಳೆಯುವಾಗ ಆದದ್ದಿರಬೇಕು.

ಇಷ್ಟು ಸಾಕೇ? ಅಥವಾ ಅವಳ ಕಿವಿಯೋಲೆಯನ್ನೂ ವರ್ಣಿಸಲೇ?

ಮಗಳು


ಮಾರ್ಚ್ ೨

ಮಗಳೇ,

ಗೊತ್ತಾಯಿತು. ಕುಂಚ ಎಂದು ಓದುತ್ತಲೇ ಗೊತ್ತಾಯಿತು. ದಾರ ಎಂದು ಓದಿದಾಗ ಎದ್ದುಹೋಗಿ ಮುಖ ತೊಳೆದುಕೊಂಡು ಬಂದೆ. ಇದನ್ನು ನಿಧಾನವಾಗಿ ಬರೆಯಬೇಕು, ನೀನೂ ನಿಧಾನವಾಗಿ ಓದು.

ಆಕೆ ನಮ್ಮ ಕಾರ್ಖಾನೆಯ ಲೆನ್ಸ್ ಪರೀಕ್ಷಕಿ. ನಾವೆಲ್ಲ 'ಹದ್ದು' ಎನ್ನುತ್ತಿದ್ದೆವು, ಕಣ್ಣು ಅಷ್ಟು ಚುರುಕು. ಲೆನ್ಸಿನ ಮೇಲಿನ ಧೂಳು ಗುಡಿಸುವ ಕುಂಚ ಸದಾ ಅವರ ಜೇಬಿನಲ್ಲಿ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ನನ್ನನ್ನು ಬೈಯುವಷ್ಟು ಸಲಿಗೆ ಇದ್ದವರು. ಅವರು ಹೋಗಿ ಹತ್ತು ವರ್ಷವಾಯಿತು. ಅವರು ಎಂದೂ ನನ್ನ ಹೆಗಲ ಮೇಲೆ ಕೈ ಇಡಲಿಲ್ಲ. ಆ ಫೋಟೋ ತೆಗೆದಾಗ ನಾವಿಬ್ಬರೂ ಒಂದೇ ಜಾಗದಲ್ಲಿ ಇರಲೇ ಇಲ್ಲ, ಒಂದೇ ದಿನದಲ್ಲೂ ಇರಲಿಲ್ಲ.

ಹೇಳುತ್ತೇನೆ, ಕೇಳು. ಕ್ಯಾಮೆರಾ ಚಿಕ್ಕದಾಗಬೇಕಾದರೆ ಒಳಗಿನ ಚಿತ್ರವೂ ಚಿಕ್ಕದಾಗಬೇಕು. ಬೇರೆ ಕ್ಯಾಮೆರಾಗಳು ರೀಲಿನಲ್ಲಿ ಒಂದು ಚಿತ್ರ ತೆಗೆಯುವ ಜಾಗದಲ್ಲಿ ನಾನು ಎರಡನ್ನು ಕೂರಿಸಿದೆ. ಒಂದರ ಪಕ್ಕ ಒಂದು, ನಿಂತ ಚಿತ್ರಗಳು, ನಡುವೆ ಒಂದು ಮಿಲಿಮೀಟರ್ ಖಾಲಿ ಗೆರೆ. ಆ ಗೆರೆ ಇದ್ದರೇ ಇದು ಬೇರೆ, ಅದು ಬೇರೆ ಎಂದು ತಿಳಿಯುವುದು. ಮಾರುಕಟ್ಟೆಗೆ ಬರುವ ಮುಂಚೆ ಪರೀಕ್ಷೆಗೆಂದು ಮಾಡಿದ ನಮ್ಮ ಮೂರನೆಯ ಮಾದರಿಗೆ ಒಂದು ರೋಗವಿತ್ತು. ಚಕ್ರ ತಿರುಗಿಸಿದರೆ ರೀಲು ಪೂರ್ತಿ ಮುಂದೆ ಹೋಗದೆ ಒಂದಿಷ್ಟು ಮೊದಲೇ ನಿಂತುಬಿಡುತ್ತಿತ್ತು. ಗೆರೆ ಮಾಯವಾಗಿ ಒಂದು ಚಿತ್ರದ ಅಂಚು ಇನ್ನೊಂದರ ಮೇಲೆ ಹತ್ತಿ ಕೂರುತ್ತಿತ್ತು. ಅದೇ ರೀಲಿನಲ್ಲಿ ನಮ್ಮ ಡೈರೆಕ್ಟರ ತಲೆಯಿಂದ ಕೋಟು ನೇತುಹಾಕುವ ಗೂಟ ಮೊಳೆತಿತ್ತು. ಕಾವಲುಗಾರನ ನಾಯಿಗೆ ಲೆಕ್ಕಿಗರ ಕಾಲು ಬಂದಿತ್ತು. ಕಾರ್ಖಾನೆಯಲ್ಲಿ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ಆ ರೀಲಿನ ಪ್ರತಿ ಜೋಡಿಗೂ ನಕ್ಕೆವು, ಒಂದನ್ನು ಬಿಟ್ಟು. ಕಪ್ಪಿನ ಮೇಲೆ ಕಪ್ಪು ಬಿದ್ದ ಆ ಒಂದು ಜೋಡಿ ಯಾರ ಕಣ್ಣಿಗೂ ಬೀಳಲಿಲ್ಲ.

ಹದ್ದು ನಿಂತದ್ದು ಶನಿವಾರ, ಕಾರ್ಖಾನೆಯಲ್ಲಿ, ಕಪ್ಪು ಪರದೆಯ ಮುಂದೆ. ಫ್ಯಾನಿನ ಗಾಳಿಗೆ ಪರದೆ ಹಾರುತ್ತಿತ್ತು, ಅದರ ಅಂಚನ್ನು ಹಿಡಿಯಲು ಕೈ ಚಾಚಿದ್ದರು. ನಾನು ನಿಂತದ್ದು ಮಾರನೆಯ ದಿನ, ಭಾನುವಾರ, ಮನೆಯಲ್ಲಿ, ಒಳಕೋಣೆಯ ಕತ್ತಲೆ ಬಾಗಿಲಿಗೆ ಬೆನ್ನು ಮಾಡಿ. ದಾರ ನನ್ನ ಅಳತೆಗೋಲು. ಆ ಮಾದರಿಗೆ ದೂರ ಹೊಂದಿಸುವ ತಿರುಪು ಇರಲಿಲ್ಲ, ಸರಿಯಾಗಿ ಒಂದೂವರೆ ಮೀಟರಿಗೆ ಮಾತ್ರ ಚಿತ್ರ ಚೊಕ್ಕವಾಗಿ ಬರುತ್ತಿತ್ತು. ಒಂದು ತುದಿ ಎದುರಿನವರ ಹತ್ತಿರ, ಇನ್ನೊಂದು ತುದಿಯ ಗಂಟು ಚಿತ್ರ ತೆಗೆಯುವವರ ಹಲ್ಲಿನಲ್ಲಿ, ಯಾಕೆಂದರೆ ಎರಡು ಕೈಯೂ ಕ್ಯಾಮೆರಾಗೆ ಬೇಕು. ಕಡಿವಾಣ ಕಚ್ಚಿದ ಕುದುರೆ ಎಂದು ನನ್ನನ್ನು ಆಡಿಕೊಳ್ಳುತ್ತಿದ್ದರು.

ನಂಬಬೇಡ, ಪರೀಕ್ಷೆ ಮಾಡು. ಭೂತಗನ್ನಡಿ ತಗೋ. ನನ್ನ ಹೆಗಲ ಮೇಲಿರುವ ಆ ಬೆರಳುಗಳನ್ನು ನೋಡು. ನಿಜವಾದ ಬೆರಳಾದರೆ ಶರ್ಟಿನ ಗೆರೆ ಅದರಡಿ ಮುಚ್ಚಿಹೋಗಬೇಕು. ಇಲ್ಲಿ ಗೆರೆ ಬೆರಳುಗಳ ಮೂಲಕವೇ ಹಾದುಹೋಗಿರುತ್ತದೆ. ಅವರ ಮುಖಕ್ಕೆ ಎಡಗಡೆಯಿಂದ ಬೆಳಕು, ನನ್ನ ಮುಖಕ್ಕೆ ಬಲಗಡೆಯಿಂದ.

ಇನ್ನೊಂದು ವಿಷಯ ಬರೆಯದಿದ್ದರೆ ಸುಳ್ಳಾದೀತು. ಸಾಮಾನ್ಯ ಅಂಗಡಿಯವನು ನಮ್ಮ ರೀಲನ್ನು ಹೇಗೆ ನಿಭಾಯಿಸುತ್ತಾನೆ ನೋಡೋಣ ಎಂದು ಅದನ್ನು ಮನೆ ಹತ್ತಿರದ ಸ್ಟುಡಿಯೋಗೆ ಕೊಟ್ಟಿದ್ದೆ. ಅವನು ಅರ್ಧ ಅಳತೆಯ ಚಿತ್ರ ಎಂದೂ ಕಂಡವನಲ್ಲ, ಪೂರ್ತಿ ಚೌಕಟ್ಟು ಇಟ್ಟು ಒಂದು ಮಾದರಿ ಪ್ರಿಂಟ್ ತೆಗೆದ. ರೀಲು ವಾಪಸು ಕೊಡುವಾಗ, "ಮಾದರಿ ಪ್ರಿಂಟು ನಿಮ್ಮನೆಯವ್ರ ಕೈಲಿ ಕೊಟ್ಟಿದೀನಿ ಸಾರ್, ನೋಡ್ಕೊಳ್ಳಿ" ಎಂದಿದ್ದ. ನಾನು ಹೂಂ ಎಂದೆ. ಅಷ್ಟರಲ್ಲಿ ರೀಲನ್ನು ಬೆಳಕಿಗೆ ಹಿಡಿದು ನೋಡಿದ್ದೆ, ಗೆರೆ ಮಾಯವಾದದ್ದು ಕಂಡಿತ್ತು. ಪ್ರಿಂಟಿನ ಮಾತು ತಲೆಯಿಂದ ಹಾರಿಹೋಯಿತು. ಇವತ್ತಿನ ತನಕ ನೆನಪಾಗಿರಲಿಲ್ಲ.

ಪ್ರಿಂಟು ಅವಳ ಕೈಗೆ ಕೊಟ್ಟದ್ದನ್ನು ಸ್ಟುಡಿಯೋದವನು ನನಗೆ ಹೇಳಿಯೇ ಇರುತ್ತಾನೆ ಎಂದು ಅವಳು ತಿಳಿದಿರಬೇಕು. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಹದಿನಾರು ದಿನ ಕಾದಿದ್ದಾಳೆ. ಆ ಹದಿನಾರು ದಿನವೂ ನಾನು ಕಾರ್ಖಾನೆಯಲ್ಲಿ ಕೂತು ಎರಡು ಚಿತ್ರಗಳ ನಡುವೆ ಒಂದು ಮಿಲಿಮೀಟರ್ ಜಾಗ ತರಲು ಹಲ್ಲುಚಕ್ರ ಅರೆಯುತ್ತಿದ್ದೆ. ಹದಿನಾರನೆಯ ದಿನ ಗೆದ್ದೆ. ಸಿಹಿ ತಗೊಂಡು ಮನೆಗೆ ಓಡಿಬಂದೆ. ಮೇಜಿನ ಮೇಲೆ ಚೀಟಿ ಇತ್ತು.

ಅದನ್ನು ಅವಳು ಒಂದು ಸಲ ನನ್ನ ಮುಖಕ್ಕೆ ಎಸೆದು "ಇದೇನ್ರೀ?" ಎಂದಿದ್ದರೆ! ಒಂದು ನಿಮಿಷದ ಕೆಲಸ, ಮಗಳೇ. ಒಂದೇ ನಿಮಿಷ.

ಅಪ್ಪ


ಮಾರ್ಚ್ ೯

ಅಪ್ಪನಿಗೆ,

ಬಟ್ಟೆಯ ಗೆರೆ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತು ವರ್ಷದಿಂದ ಕತ್ತರಿ ಹಿಡಿದವಳು ನಾನು. ಆದರೂ ಈ ಒಂದು ತಿಂಗಳಿನಿಂದ ಆ ಫೋಟೋವನ್ನು ನೂರು ಸಲ ನೋಡಿದವಳು ಬರೀ ಕೈ ನೋಡಿದೆ, ಕೈಯಡಿಯ ಬಟ್ಟೆ ನೋಡಲಿಲ್ಲ.

ಗೆರೆ ಬೆರಳುಗಳ ಮೂಲಕ ಹಾದುಹೋಗಿದೆ. ನಾಲ್ಕೂ ಬೆರಳಿನ ಮೂಲಕ. ಎಲ್ಲೂ ತುಂಡಾಗಿಲ್ಲ.

ಭೂತಗನ್ನಡಿ ಕೈಯಿಂದ ಬಿತ್ತು. ಅಳತೆ ಕೊಡಲು ಬಂದ ಹೆಂಗಸು ಹೆದರಿ ನೀರು ತಂದುಕೊಟ್ಟಳು. ಅಂಗಡಿ ಮುಚ್ಚಿ ಅಮ್ಮನ ಟ್ರಂಕಿನ ಮುಂದೆ ಹೋಗಿ ಕೂತು ಜೋರಾಗಿ ಹೇಳಿದೆ, "ಅಮ್ಮಾ, ಅದು ಕೈಯಲ್ಲ." ಯಾರಿಗೆ ಹೇಳಿದೆ? ಮೂರು ತಿಂಗಳ ಹಿಂದೆ ಈ ಟ್ರಂಕು ತೆಗೆದಿದ್ದರೆ ಅಮ್ಮ ಕೇಳಿಸಿಕೊಳ್ಳುತ್ತಿದ್ದಳು. ಎಂಥ ಅನ್ಯಾಯ ಇದು!

ಆದರೆ ಒಂದು ಮಾತು. ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಹದ್ದಿನ ಬಗ್ಗೆ, ಪರದೆಯ ಬಗ್ಗೆ, ನಾಯಿಯ ಕಾಲಿನ ಬಗ್ಗೆ ಎಲ್ಲ ಬರೆದಿದ್ದೀರಿ. ಭಾನುವಾರ ಮನೆಯಲ್ಲಿ ನಿಮ್ಮ ಚಿತ್ರ ತೆಗೆದವರು ಯಾರು ಎಂದು ಮಾತ್ರ ಬರೆದಿಲ್ಲ. ಅಮ್ಮನಿಗೆ ಆಗ ಭಾನುವಾರದ ಪಾಳಿ ಇರುತ್ತಿತ್ತು. ಅವಳೇ ತೆಗೆದಿದ್ದರೆ ಈ ಫೋಟೋ ಕಂಡಾಗಲೇ ಗುರುತಿಸುತ್ತಿದ್ದಳು. ಅಮ್ಮ ಇಲ್ಲದ ಹೊತ್ತಿನಲ್ಲಿ ಮನೆಗೆ ಬಂದವರು ಯಾರು? ಯಾರನ್ನು ನೋಡಿ ಹಾಗೆ ನಕ್ಕಿರಿ? ಕಣ್ಣಿನ ತುಂಬ ಪ್ರೀತಿ ಇಟ್ಟುಕೊಂಡು ನಗುತ್ತಿದ್ದೀರಿ. ಅದು ಕಾರ್ಖಾನೆಯ ನಗುವಲ್ಲ.

ಹೆಂಗಸಿನ ಕೈ ಸುಳ್ಳು ಎಂದು ಒಪ್ಪಿದೆ. ನಗು ಸುಳ್ಳಲ್ಲವಲ್ಲ! ಆ ರೀಲು ನಿಮ್ಮ ಹತ್ತಿರ ಇದ್ದರೆ ಕಳಿಸಿ. ಇದನ್ನು ಅರ್ಧಕ್ಕೆ ಬಿಡಲು ನನ್ನಿಂದ ಆಗುವುದಿಲ್ಲ.

ಮಗಳು


ಏಪ್ರಿಲ್ ೬

ಮಗಳೇ,

ತಡವಾಯಿತು. ಕೆಮ್ಮು ಇತ್ತು.

ಆ ರೀಲು ಸಿಗಲಿಲ್ಲ. ಹಳೆಯ ಬೀರುವಿನಲ್ಲಿತ್ತು, ತೇವಕ್ಕೆ ಹಾಳಾಗಿರಬೇಕು. ಭಾನುವಾರ ಮನೆಗೆ ಯಾರೂ ಬಂದಿರಲಿಲ್ಲ. ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಅದೇ ಒತ್ತಿಕೊಳ್ಳುವ ಹಾಗೆ ಮಾಡಿದ್ದೆ. ನಕ್ಕದ್ದು ಯಾಕೆ ಎಂದು ಯಾರಿಗೆ ನೆನಪಿರುತ್ತದೆ?

ನಿನಗೆ ಅನುಮಾನ ಉಳಿದರೆ ಉಳಿಯಲಿ. ನನ್ನನ್ನು ಕೆಟ್ಟವನೆಂದೇ ತಿಳಿದುಕೋ, ಅಭ್ಯಾಸವಾಗಿದೆ, ಏನೂ ಬೇಸರವಿಲ್ಲ. ಈ ವಿಷಯವನ್ನು ಇಲ್ಲಿಗೆ ಬಿಟ್ಟುಬಿಡು. ಕೈಮುಗಿದು ಕೇಳುತ್ತೇನೆ.

ಅಪ್ಪ


ಏಪ್ರಿಲ್ ೨೦

ಅಪ್ಪಾ,

ನಿಮಗೆ ಸುಳ್ಳು ಹೇಳಲು ಬರುವುದಿಲ್ಲ. ಇಷ್ಟು ವರ್ಷ ಅಭ್ಯಾಸ ಮಾಡಿದ್ದರೆ ಬರುತ್ತಿತ್ತೋ ಏನೋ.

ನಿಮ್ಮ ಕಾಗದ ಬಂದ ದಿನ ಸಿಟ್ಟು ನೆತ್ತಿಗೇರಿತ್ತು. ಹೊಲಿಗೆ ಯಂತ್ರದ ಕಾಲಿನಡಿ ಇದ್ದ ಪೆಟ್ಟಿಗೆಯನ್ನು ಎಳೆದು ತೆಗೆದೆ. ನೀವು ಕಳಿಸಿದ್ದರಲ್ಲಿ ಅದೇ ಮೊದಲನೆಯದು. ಯಂತ್ರ ಒಂದು ಕಡೆಗೆ ವಾಲಿಕೊಂಡಿತು, ವಾಲಲಿ ಎಂದೆ. ಪೆಟ್ಟಿಗೆ ಒಡೆದು, ಒಳಗಿನ ಪುಸ್ತಿಕೆ ತೆಗೆದು, ಮೊದಲ ಪುಟದಿಂದ ಓದಿದೆ. ಹನ್ನೊಂದನೆಯ ಪುಟದಲ್ಲಿ ನೀವೇ ಬರೆದಿದ್ದೀರಿ. ಕ್ಯಾಮೆರಾ ಚಿಕ್ಕದಾಗಿರಲಿ ಎಂದು ತಾನಾಗಿಯೇ ಒತ್ತಿಕೊಳ್ಳುವ ಸಾಧನವನ್ನು ಇದರಲ್ಲಿ ಇಟ್ಟಿಲ್ಲ, ಚಿತ್ರ ತೆಗೆಯಲು ಇನ್ನೊಬ್ಬರು ಬೇಕು. ಮಾರುಕಟ್ಟೆಗೆ ಬಂದದ್ದರಲ್ಲೇ ಇಲ್ಲದ್ದು ಮೂರನೆಯ ಮಾದರಿಯಲ್ಲಿ ಎಲ್ಲಿಂದ ಬಂತು?

ಸಿಕ್ಕಿಬಿದ್ದಿರಿ ಎಂದು ಖುಷಿಯಾಯಿತು. ಆ ಖುಷಿ ಒಂದು ನಿಮಿಷವೂ ಇರಲಿಲ್ಲ.

ಕ್ಯಾಮೆರಾ ಕೈಗೆ ತಗೊಂಡೆ. ಇಷ್ಟು ಚಿಕ್ಕದು ಎಂದು ಗೊತ್ತಿರಲಿಲ್ಲ. ಯಾಕೋ ಎದ್ದುಹೋಗಿ ಅಮ್ಮನ ಡ್ಯೂಟಿ ಕೋಟಿನ ಜೇಬಿಗೆ ಇಳಿಸಿ ನೋಡಿದೆ. ಟೈಲರಮ್ಮನ ಬುದ್ಧಿ, ಜೇಬು ಕಂಡರೆ ಅಳತೆ ನೋಡುವುದು. ಅಚ್ಚುಕಟ್ಟಾಗಿ ಕೂತಿತು, ಅಳೆದು ಹೊಲಿದ ಹಾಗೆ. ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಪೇಪರಿನವರು ಸಾವಿರ ಜನರ ಅಂಗೈ ಅಳೆದು ಈ ಗಾತ್ರ ಕಂಡುಹಿಡಿದರು ಎಂದು ಬರೆದಿದ್ದರು. ಅಪ್ಪಾ, ಇದು ಅಂಗೈ ಅಳತೆಯಲ್ಲ, ಅಲ್ಲವೇ?

ಹೊರಗೆ ತೆಗೆಯುವಾಗ ಕ್ಯಾಮೆರಾದ ಪಟ್ಟಿ ಸಿಕ್ಕಿಸುವ ಕಿವಿಗೆ ಸುತ್ತಿದ್ದ ದಾರ ಬಿಚ್ಚಿಕೊಂಡಿತು. ತುದಿಯಲ್ಲಿ ಗಂಟು. ಒಂದೂವರೆ ಮೀಟರ್ ಇರಬೇಕು ಎಂದು ಕಣ್ಣಳತೆಯಲ್ಲೇ ಗೊತ್ತಾಯಿತು. ಹಲ್ಲಿನಲ್ಲಿ ಕಚ್ಚುತ್ತಿದ್ದೆ ಎಂದು ಬರೆದಿದ್ದಿರಲ್ಲ, ಹೇಗಿರುತ್ತದೆ ನೋಡೋಣ ಎಂದು ನಾನೂ ಕಚ್ಚಿದೆ.

ಬಾಯಿಗೆ ಎಣ್ಣೆಯ ರುಚಿ ಬಂತು. ಕಾರ್ಖಾನೆಯ ಎಣ್ಣೆ. ಈ ದಾರದಲ್ಲಿ ಎ‌ಣ್ಣೆ ಇಲ್ಲ, ಹೊಸ ದಾರ. ರುಚಿ ಬಂದದ್ದು ಬೇರೆ ಕಡೆಯಿಂದ. ಆಗ ನನಗೆ ಏಳು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು, ಗಂಟು ನಿಲ್ಲದೆ ಜಾರುತ್ತಿತ್ತು. ಪಕ್ಕದ ಹಲ್ಲಿಗೆ ಸರಿಸಿಕೊಂಡೆ. ಯಾರೋ ಮಂಡಿಯೂರಿ ನನ್ನ ಬೆರಳನ್ನು ಸರಿಯಾದ ಜಾಗಕ್ಕೆ ಇಡುತ್ತಿದ್ದರು. "ನಿನ್ ಕೈಗೆ ಆದ್ರೆ ಪ್ರಪಂಚದಲ್ಲಿ ಎಲ್ರ್ ಕೈಗೂ ಆಗತ್ತೆ ಚೋಟು." ದಾರ ಕಚ್ಚಿಕೊಂಡೇ "ನಗಿ ಅಪ್ಪಾ" ಎಂದೆ. "ಅಗಿ ಅಪ್ಪಾ" ಎಂದು ಕೇಳಿಸಿತು. ನೀವು ನಕ್ಕುಬಿಟ್ಟಿರಿ.

ಫೋಟೋ ತೆಗೆದುಕೊಂಡು ಮತ್ತೆ ನೋಡಿದೆ. ಹದ್ದಿನ ಮುಖ ನೇರಕ್ಕಿದೆ. ನಿಮ್ಮ ಗದ್ದದ ಅಡಿಭಾಗ ಕಾಣುತ್ತಿದೆ. ನಿಮ್ಮನ್ನು ಕೆಳಗಿನಿಂದ ನೋಡಿ ತೆಗೆದ ಚಿತ್ರ ಅದು. ಚೋಟುದ್ದ ಇರುವವರು ಮಾತ್ರ ಹಾಗೆ ತೆಗೆಯಲು ಸಾಧ್ಯ. ನಿಮ್ಮ ಗುಂಡಿಯಿಂದ ಹೊರಟ ದಾರ ಕೆಳಗಿಳಿದು ಅಂಚಿನಲ್ಲಿ ಮಾಯವಾಗುತ್ತದೆ. ಅದರ ಇನ್ನೊಂದು ತುದಿ ನನ್ನ ಬಾಯಲ್ಲಿತ್ತು.

ಒತ್ತಿದ್ದು ನಾನು.

ಅಮ್ಮನಿಗೆ ಆ ಫೋಟೋ ಕೊಟ್ಟದ್ದು ಯಾರೇ ಇರಲಿ, ತೆಗೆದವಳು ನಾನು. ಮೂವತ್ತೈದು ವರ್ಷ ನಿಮ್ಮನ್ನು ದ್ವೇಷಿಸಿದವಳೂ ನಾನೇ. ಯಾಕಮ್ಮ ಬಂದ್ವಿ, ಯಾಕಮ್ಮ ಬಂದ್ವಿ ಎಂದು ಅವಳ ಸೆರಗು ಜಗ್ಗಿ ಕೇಳುತ್ತಿದ್ದೆನಲ್ಲ, ನನಗೆ ಗೊತ್ತಿತ್ತು ಅಪ್ಪಾ. ಅವಳು ಒಂದೇ ಒಂದು ಸಲ ನನಗೆ ಆ ಫೋಟೋ ತೋರಿಸಿದ್ದರೆ, "ಇದು ನಾನ್ ತೆಗ್ದಿದ್ದು" ಎಂದು ಕುಣಿಯುತ್ತಿದ್ದೆ.

ಮುಂದಕ್ಕೆ ಬರೆಯಲು ಆಗುತ್ತಿಲ್ಲ.

ಚೋಟು


ಏಪ್ರಿಲ್ ೨೬

ಚೋಟು, ನನ್ನ ಕೂಸೇ,

ಇದು ನಿನಗೆ ಗೊತ್ತಾಗಬಾರದು ಎಂದೇ ಆ ಹಾಳು ಸುಳ್ಳು ಬರೆದದ್ದು. ನೀನು ದಾರ ಎಂದು ಬರೆದ ದಿನವೇ ನನಗೆ ತಿಳಿದಿತ್ತು. ನನ್ನ ಮೇಲೆ ಅನುಮಾನ ಉಳಿಯಲಿ, ನಿನ್ನ ಮೇಲೆ ಈ ಭಾರ ಬೇಡ ಎಂದುಕೊಂಡೆ. ನನ್ನ ಪುಸ್ತಿಕೆಯನ್ನು ಹನ್ನೊಂದನೆಯ ಪುಟದ ತನಕ ಓದುವವರು ಪ್ರಪಂಚದಲ್ಲಿ ಇದ್ದಾರೆ ಎಂದು ನನಗೆ ಗೊತ್ತಿರಲಿಲ್ಲ.

ಒಂದು ಮಾತನ್ನು ನೆಟ್ಟಗೆ ಕೇಳಿಸಿಕೋ. ನೀನು ಅಪ್ಪನ ಚಿತ್ರ ತೆಗೆದೆ, ಚೆನ್ನಾಗಿ ತೆಗೆದೆ. ಅದಕ್ಕೆ ಬೇರೆಯವರ ಕೈ ಅಂಟಿಸಿದ್ದು ನನ್ನ ಕೆಟ್ಟ ಹಲ್ಲುಚಕ್ರ. ಸ್ಟುಡಿಯೋದವನ ಮಾತು ಕೇಳಿಯೂ ಕೇಳದವನು ನಾನು. ಆಸ್ಪತ್ರೆಯ ಗೇಟಿನಲ್ಲಿ ನಿಂತು ಬಾಯಿ ಬಿಡದವನು ನಾನು. ಚಕ್ರದ ರೋಗ ಹದಿನಾರು ದಿನದಲ್ಲಿ ವಾಸಿ ಮಾಡಿದೆ. ನನ್ನದು ಗೊತ್ತೇ ಆಗಲಿಲ್ಲ.

ಜೇಬಿನ ವಿಷಯ. ಹೌದು. ದೊಡ್ಡ ಕ್ಯಾಮೆರಾ ಕೊಡಿಸಲಾ ಎಂದು ಒಮ್ಮೆ ಕೇಳಿದ್ದಕ್ಕೆ, "ಅದನ್ನ ಹೊರೋಕೆ ಒಂದು ಕತ್ತೇನೂ ಕೊಡಿಸಿ. ನನ್ ಕೋಟಿನ ಜೇಬಿಗೆ ಹೋಗೋದಿದ್ರೆ ಹೇಳಿ" ಎಂದಿದ್ದಳು. ಅವಳು ನೇತುಹಾಕಿದ ಕೋಟಿನ ಜೇಬಿಗೆ ಸೋಪು ಇಳಿಸಿ ಇಳಿಸಿ ನೋಡುತ್ತಿದ್ದೆ. ಜೇಬಿಗೆಲ್ಲ ಸೋಪಿನ ಪುಡಿ ಎಂದು ಬೈಯುತ್ತಿದ್ದಳು. ಯಾಕೆ ಎಂದು ಹೇಳಲಿಲ್ಲ. ಕ್ಯಾಮೆರಾ ಸಿದ್ಧವಾದ ಮೇಲೆ ಕೈಗಿಟ್ಟು ಹೇಳೋಣ ಎಂದಿದ್ದೆ.

ಆ ರೀಲು ಹಾಳಾಗಿಲ್ಲ. ನನ್ನ ಮೇಜಿನ ಮೊದಲ ಖಾನೆಯಲ್ಲೇ ಇದೆ. ಅದರ ಐದು ಚಿತ್ರಗಳ ತುಂಡನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನಾನಿರುವ ಚಿತ್ರದ ಒಂದು ಪಕ್ಕ ಹದ್ದು. ಇನ್ನೊಂದು ಪಕ್ಕ ಏನಿದೆ ಎಂದು ನೀನೇ ನೋಡು. ನಾನು ಮೊನ್ನೆ ಬೆಳಕಿಗೆ ಹಿಡಿದು ನೋಡಿದೆ, ಆಮೇಲೆ ಇಡೀ ದಿನ ಏನೂ ಕೈಲಾಗಲಿಲ್ಲ.

ಅಪ್ಪ


ಮೇ ೫

ಅಪ್ಪಾ,

ಸ್ಟುಡಿಯೋಗೆ ಹೋಗಿ ಎದುರಿಗೇ ನಿಂತು ಪ್ರಿಂಟ್ ತೆಗೆಸಿದೆ. ಚೌಕಟ್ಟನ್ನು ಒಂದೇ ಒಂದು ಚಿತ್ರ ಆಚೆಗೆ ಸರಿಸಿ ಎಂದೆ. ಸರಿಸಿದ. ಹೆಬ್ಬೆರಳು ಅಗಲವೂ ಸರಿಸಲಿಲ್ಲ.

ನೀವು ನನ್ನ ಕೈಯಿಂದ ಕ್ಯಾಮೆರಾ ತಗೊಂಡು ನನ್ನ ಚಿತ್ರ ತೆಗೆದಿದ್ದೀರಿ. ಮುಂದಿನ ಎರಡು ಹಲ್ಲಿಲ್ಲ. ದಾರದ ತುದಿ ನನ್ನ ಜಡೆಗೆ ಕಟ್ಟಿದ್ದೀರಿ. ಇನ್ನೂ ನಾನೇ ತೆಗೀತೀನಿ ಕೊಡಿ ಎಂದು ಕೈ ಚಾಚಿದ್ದೇನೆ. ಆ ಕೈ ನಿಮ್ಮ ಕೆನ್ನೆಯ ಮೇಲೆ ಬಿದ್ದಿದೆ. ಹಳೆಯ ಫೋಟೋದ ಅಂಚಿನಲ್ಲಿ ಕಲೆ ಎಂದು ಬರೆದಿದ್ದೆನಲ್ಲ, ತೊಳೆಯುವಾಗ ಆದದ್ದು ಎಂದು. ಅದು ನನ್ನ ಬೆರಳ ತುದಿ. ಅಮ್ಮನ ಹತ್ತಿರ ಇದ್ದ ಫೋಟೋದಲ್ಲಿ ನಾನೂ ಇದ್ದೆ.

ಸ್ಟುಡಿಯೋದವನು ನೋಡಿ, "ಅಪ್ಪ ಮಗಳು ಜೋಡಿ ಎಷ್ಟ್ ಚೆನ್ನಾಗ್ ಬಂದಿದೆ ಮೇಡಂ, ದೊಡ್ಡದು ಮಾಡಿಸಿ ಗೋಡೆಗ್ ಹಾಕಿ" ಎಂದ. ಅವತ್ತಿನವನೂ ಇದನ್ನೇ ತೆಗೆದಿದ್ದರೆ ಅಮ್ಮ ಅದನ್ನೇ ಮಾಡುತ್ತಿದ್ದಳು.

ಎರಡು ಪ್ರಿಂಟ್ ಮಾಡಿಸಿದೆ. ಒಂದು ಅಮ್ಮನ ಕೋಟಿನ ಜೇಬಿನಲ್ಲಿ, ಕ್ಯಾಮೆರಾದ ಜೊತೆ ಇಟ್ಟಿದ್ದೇನೆ. ಇನ್ನೊಂದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಹನ್ನೊಂದರ ಬಸ್ಸಿಗೆ ನಾನೇ ತರುತ್ತೇನೆ. ಆ ಗೆರೆಗೆರೆ ಶರ್ಟು ಇದ್ದರೆ ಎತ್ತಿಡಿ, ಗುಂಡಿ ಬಿದ್ದಿದ್ದರೆ ಹಾಕಿಕೊಡುತ್ತೇನೆ.

ನಿಮ್ಮ ಚೋಟು